ಪದಚರ್ಚೆ: ‘ಫಾಸ್ಟ್ ಲೆನ್ಸ್’ ಎಂದರೆ ವೇಗದ ಮಸೂರವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೊದಲ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳುವವರಿಗೆಂದು ಬರೆದ ಕನ್ನಡ ಕೈಪಿಡಿಯೊಂದರ ಕರಡು ತಿದ್ದಬೇಕಾಗಿದೆ. ಅದರಲ್ಲಿ ಈ ವಾಕ್ಯವಿದೆ: ‘ಮಂದ ಬೆಳಕಿನಲ್ಲಿ ಚಿತ್ರ ತೆಗೆಯುವವರು ವೇಗದ ಮಸೂರವನ್ನು ಕೊಳ್ಳಬೇಕು, ಕ್ಯಾಮೆರಾದೊಡನೆ ಬರುವ ಮಸೂರ ನಿಧಾನವಾದದ್ದು.’ ಓದಿದವರು ಇದನ್ನು ‘ಬೇಗ ಫೋಕಸ್ ಆಗುವ ಲೆನ್ಸ್’ ಎಂದುಕೊಳ್ಳುತ್ತಿದ್ದಾರೆ. ಈ ‘ಫಾಸ್ಟ್’ಗೆ ಕನ್ನಡದಲ್ಲಿ ಏನನ್ನಬೇಕು? ಕರಡಿನ ಉದ್ದಕ್ಕೂ ‘ಬ್ಲರ್’ಗೆ ‘ಮಸುಕು’ ಎಂದೂ ‘ಕ್ರಾಪ್ ಸೆನ್ಸರ್’ಗೆ ‘ಕತ್ತರಿಸಿದ ಸಂವೇದಕ’ ಎಂದೂ ಇದೆ. ‘ಜೂಮ್ ಲೆನ್ಸ್’ ಕೆಲವು ಕಡೆ ‘ದೂರದರ್ಶಕ ಮಸೂರ’ ಆಗಿದೆ. ಇವು ನಿಲ್ಲುತ್ತವೆಯೇ? ಓದುಗರು ಅಂಗಡಿಗೆ ಹೋಗಿ ಇದೇ ಮಾತುಗಳನ್ನು ಆಡಬೇಕಾದವರು ಎಂಬುದು ಗಮನದಲ್ಲಿರಲಿ.

ಉತ್ತರ

‘ವೇಗದ ಮಸೂರ’ ಖಂಡಿತ ಬೇಡ. ಲೆನ್ಸ್ ಎಲ್ಲಿಗೂ ಓಡುವುದಿಲ್ಲ. ಒಳಗಿನ ಕಿಂಡಿ (ಅಪರ್ಚರ್) ದೊಡ್ಡದಿದ್ದರೆ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಬೆಳಕು ಬರುತ್ತದೆ, ಹಾಗಾಗಿ ಶಟರ್ ಬೇಗ ಮುಚ್ಚಿದರೂ ಚಿತ್ರ ಕಪ್ಪಾಗುವುದಿಲ್ಲ. ಚುರುಕಾಗುವುದು ಶಟರು, ಹೊಗಳಿಕೆ ಸಿಕ್ಕಿದ್ದು ಲೆನ್ಸಿಗೆ. ಕನ್ನಡದಲ್ಲಿ ಕಾರಣವನ್ನೇ ಹೇಳಿಬಿಡಬಹುದು: ‘ದೊಡ್ಡ ಬೆಳಕಿಂಡಿಯ ಲೆನ್ಸ್’. ಪಠ್ಯಪುಸ್ತಕದ ‘ದ್ಯುತಿರಂಧ್ರ’ ತಪ್ಪೇನಲ್ಲ. ಆದರೆ ಹಳೆಯ ಮನೆಗಳ ಮಾಡಿನಲ್ಲಿ ಬೆಳಕಿಂಡಿ ಕಂಡವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದಾಗುವುದು ಹೊಸಬರಿಗೆಲ್ಲ ತಲೆಕೆಳಗಾಗಿ ಕಾಣುತ್ತದೆ. ಅದನ್ನೂ ನಮ್ಮ ಭಿನ್ನರಾಶಿಯ ಮಾತಿನಲ್ಲೇ ಹೇಳಿ. ಎಫ್/2 ಎಂದರೆ ಕಿಂಡಿಯ ಅಗಲ ಸಂಗಮದೂರದ (ಲೆನ್ಸ್ ಮೇಲೆ ಎಂಎಂನಲ್ಲಿ ಬರೆದಿರುವ ಫೋಕಲ್ ಲೆಂಗ್ತ್) ಅರ್ಧ, ಎಫ್/4 ಎಂದರೆ ಕಾಲು, ಎಫ್/8 ಎಂದರೆ ಅರೆಕಾಲು. ಅರೆಕಾಲು ಕಾಲಿಗಿಂತ ಚಿಕ್ಕದು ಎಂದು ಯಾರಿಗೂ ಪಾಠ ಹೇಳಬೇಕಿಲ್ಲ.

ಈಗ ಕರಡಿನ ವಾಕ್ಯಕ್ಕೆ ಬರೋಣ. 50 ಎಂಎಂ, ಎಫ್/1.8 ಲೆನ್ಸಿನಲ್ಲಿ ಕಿಂಡಿಯ ಅಗಲ 50 ಭಾಗಿಸು 1.8, ಅಂದರೆ ಸುಮಾರು 28 ಎಂಎಂ. ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಕೂದಲು ಹೆಚ್ಚು. ಕ್ಯಾಮೆರಾದೊಡನೆ ಬರುವ 18–55 ‘ಕಿಟ್’ ಲೆನ್ಸನ್ನು 55ಕ್ಕೆ ತಿರುಗಿಸಿದರೆ ಕಿಂಡಿ ಎಫ್/5.6ಕ್ಕಿಂತ ದೊಡ್ಡದಾಗದು, ಅಗಲ 10 ಎಂಎಂ ಅಷ್ಟೆ, ಕಿರುಬೆರಳ ಉಗುರಿನಷ್ಟು. ಸೆನ್ಸರಿಗೆ ಸಿಗುವ ಬೆಳಕು ಎಫ್ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಬದಲಾಗುವುದರಿಂದ ಮೊದಲನೆಯದು ಸುಮಾರು ಹತ್ತು ಪಟ್ಟು ಬೆಳಕು ಕೊಡುತ್ತದೆ. ಕಿಟ್ ಲೆನ್ಸಿನ ಮುಂದಿನ ಉಂಗುರದಲ್ಲಿ 1:3.5–5.6 ಎಂದು ಅಚ್ಚಾಗಿರುವುದನ್ನೂ ಕೈಪಿಡಿಯಲ್ಲಿ ಬಿಡಿಸಿ ಹೇಳಿ. ‘3.5ರಿಂದ 5.6ರವರೆಗೆ ಹೊಂದಿಸಿಕೊಳ್ಳಬಹುದು’ ಎಂದು ಓದುವವರೇ ಹೆಚ್ಚು. 18ರಲ್ಲಿ ಅತಿ ದೊಡ್ಡ ಕಿಂಡಿ 3.5, 55ರಲ್ಲಿ 5.6 ಎಂಬುದು ಅದರ ಅರ್ಥ. ಕಿಂಡಿಯನ್ನು ಚಿಕ್ಕದು ಮಾಡಿಕೊಳ್ಳಲು ಎರಡು ಕಡೆಯೂ ಅಡ್ಡಿಯಿಲ್ಲ.

ಬೇಗ ಫೋಕಸ್ ಆಗುವುದು ಮೋಟರಿನ ಕೆಲಸ, ಅದಕ್ಕೆ ಬೇರೆಯೇ ಮಾತಿರಲಿ. ಇಲ್ಲಿ ಪದ ಎಡವಿದರೆ ದುಡ್ಡೂ ಹೋಗುತ್ತದೆ. ನಿಕಾನ್‌ನ 50 ಎಂಎಂ, ಎಫ್/1.8 ಲೆನ್ಸಿನ ಎರಡು ಬಗೆ ಪೇಟೆಯಲ್ಲಿವೆ: ಹಳೆಯದು ‘ಎಎಫ್’, ಹೆಸರಿನ ಕೊನೆಗೆ ‘ಡಿ’, ಹೊಸದು ‘ಎಎಫ್-ಎಸ್’, ಕೊನೆಗೆ ‘ಜಿ’. ಹಳೆಯದರಲ್ಲಿ ಮೋಟರ್ ಇಲ್ಲ, ಕ್ಯಾಮೆರಾದೊಳಗಿನ ಮೋಟರ್ ಅದನ್ನು ತಿರುಗಿಸಬೇಕು. ಡಿ3500, ಡಿ5600ರಂಥ ಹೊಸಬರ ಕ್ಯಾಮೆರಾಗಳಲ್ಲಿ ಆ ಮೋಟರೇ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ‘ಡಿ’ ತಂದರೆ ಬಟನ್ ಎಷ್ಟು ಒತ್ತಿದರೂ ಫೋಕಸ್ ಕದಲುವುದಿಲ್ಲ, ಉಂಗುರವನ್ನು ಕೈಯಲ್ಲೇ ತಿರುಗಿಸಬೇಕು. ಇದು ಸಾಲದೆಂಬಂತೆ ಅದೇ ಕ್ಯಾಮೆರಾದ ಮೆನುವಿನಲ್ಲೂ ‘ಎಎಫ್-ಎಸ್’ ಇದೆ. ಅಲ್ಲಿ ಅದಕ್ಕೆ ‘ಒಂದು ಸಲ ಫೋಕಸ್ ಹಿಡಿದು ನಿಲ್ಲು’ ಎಂದರ್ಥ. ಒಂದೇ ಪೆಟ್ಟಿಗೆಯಲ್ಲಿ ಒಂದೇ ಅಕ್ಷರಗಳಿಗೆ ಎರಡು ಅರ್ಥ. ಕೈಪಿಡಿಯಲ್ಲಿ ‘ಎಎಫ್-ಎಸ್ ಲೆನ್ಸ್’, ‘ಎಎಫ್-ಎಸ್ ಮೋಡ್’ ಎಂದು ಪೂರ್ತಿ ಬರೆಯದೆ ಗತ್ಯಂತರವಿಲ್ಲ.

‘ಜೂಮ್’ ಅನ್ನು ದೂರದರ್ಶಕ ಮಾಡಿದ್ದು ಸರಿಯಲ್ಲ. ಸಂಗಮದೂರ ಬದಲಾಗುವ ಲೆನ್ಸೆಲ್ಲ ಜೂಮ್. ದೂರದ್ದನ್ನು ಹತ್ತಿರ ತರುವುದು ಟೆಲಿ. ‘ಎಷ್ಟು ಎಕ್ಸ್ ಜೂಮ್?’ ಎಂಬ ಅಂಗಡಿಯ ಪ್ರಶ್ನೆಗೆ ಇಲ್ಲಿ ಬೆಲೆಯಿಲ್ಲ. 18–140 ಲೆನ್ಸ್ ಎಂಟು ಪಟ್ಟಿನ ಹತ್ತಿರ, 150–600 ಬರೀ ನಾಲ್ಕು ಪಟ್ಟು. ರಂಗನತಿಟ್ಟಿನ ಕೊಕ್ಕರೆಯನ್ನು ಹತ್ತಿರ ತರುವುದು ಎರಡನೆಯದೇ. ಕೇಳಬೇಕಾದ ಪ್ರಶ್ನೆ ‘ಎಷ್ಟು ಎಂಎಂ ವರೆಗೆ ಹೋಗುತ್ತದೆ?’

ಸಣ್ಣ ತಕರಾರು

‘ಬೆಳಕಿಂಡಿ’ ಚೆನ್ನಾಗಿದೆ, ವಿವರಣೆಗೆ ಇರಲಿ. ಆದರೆ ‘ಅಪರ್ಚರ್’ ಅನ್ನು ಪೂರ್ತಿ ಅಳಿಸಬೇಡಿ. ಕ್ಯಾಮೆರಾದ ಡಯಲ್ ಮೇಲೆ ನಿಕಾನ್‌ನಲ್ಲಿ ‘ಎ’, ಕ್ಯಾನನ್‌ನಲ್ಲಿ ‘ಎವಿ’ ಎಂದು ಕೊರೆದಿರುತ್ತದೆ. ‘ಬೆಳಕಿಂಡಿ’ ಮಾತ್ರ ಓದಿದವರು ಆ ಅಕ್ಷರವನ್ನು ಯಾವುದಕ್ಕೆ ಹೊಂದಿಸಿಕೊಳ್ಳಬೇಕು? ಶಟರಿನದೂ ಇದೇ ಕಥೆ: ನಿಕಾನ್‌ನಲ್ಲಿ ‘ಎಸ್’, ಕ್ಯಾನನ್‌ನಲ್ಲಿ ‘ಟಿವಿ’. ಈ ಟಿವಿಗೂ ಮನೆಯ ಟಿವಿಗೂ ಸಂಬಂಧವಿಲ್ಲ, ‘ಟಿ’ ಎಂದರೆ ಟೈಮ್. ನನ್ನ ಅಳತೆಗೋಲು ಇದು: ಕ್ಯಾಮೆರಾ, ಡಬ್ಬಿ, ಬಿಲ್ಲುಗಳ ಮೇಲೆ ಅಚ್ಚಾದ ಹೆಸರು ಹಾಗೇ ಇರಲಿ, ಚಿತ್ರದಲ್ಲಿ ಏನು ಕೆಟ್ಟಿತು ಎಂಬುದನ್ನು ಕನ್ನಡದಲ್ಲಿ ಹೇಳೋಣ. ಅಲ್ಲಿ ಕನ್ನಡಕ್ಕೆ ಮಾತಿನ ಬಡತನವಿಲ್ಲ.

‘ಲೆನ್ಸ್’ ಬಳಸಿದರೆ ಕನ್ನಡಕ್ಕೆ ನಷ್ಟವೆಂದು ಕೊರಗುವವರಿಗೆ ಒಂದು ಮಾತು. ಲ್ಯಾಟಿನ್ನಿನಲ್ಲಿ ಲೆನ್ಸ್ ಎಂದರೆ ಚನ್ನಂಗಿ ಬೇಳೆ, ಸಂಸ್ಕೃತದ ಮಸೂರವೂ ಅದೇ ಬೇಳೆ. ಎರಡರಲ್ಲಿ ಯಾವುದನ್ನು ತಂದರೂ ಅದೇ ಸಾರು.

ಇನ್ನೊಂದು ಉತ್ತರ: ‘ಬ್ಲರ್’ ಬಗ್ಗೆ

ಎಲ್ಲಕ್ಕೂ ‘ಮಸುಕು’ ಎಂದಿದ್ದೇ ಆ ಕರಡಿನ ದೊಡ್ಡ ತಪ್ಪು. ಅಂಗಡಿಯಲ್ಲಿ ‘ಫೋಟೊ ಬ್ಲರ್ ಬರುತ್ತೆ’ ಎಂದರೆ ಒಬ್ಬರು ಕೈಯ ಅಲುಗಾಟ ತಡೆಯುವ ‘ವಿಆರ್’ ಇರುವ ಲೆನ್ಸ್ ತೋರಿಸುತ್ತಾರೆ, ಇನ್ನೊಬ್ಬರು ಟ್ರೈಪಾಡ್ ಕಟ್ಟಿಕೊಡುತ್ತಾರೆ. ರೋಗ ಯಾವುದೆಂದು ಹೇಳದೆ ಔಷಧಿ ಕೇಳಿದ ಹಾಗೆ. ಆಡುಮಾತಿನಲ್ಲೇ ಇದಕ್ಕೆ ಬೇರೆ ಬೇರೆ ಮಾತುಗಳಿವೆ.

ಮೊದಲನೆಯದು ‘ಕೈ ಅಲುಗಿದೆ’. ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಯಾವುದಾದರೂ ದೀಪದ ಚುಕ್ಕೆ ನೋಡಿ. ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ಆಕಾರದಲ್ಲಿ ಎಳೆದುಕೊಂಡಿದ್ದರೆ ತಪ್ಪು ಕೈಯದು. ಕ್ರಾಪ್ ಸೆನ್ಸರಿನ ಕ್ಯಾಮೆರಾದಲ್ಲಿ ಎಂಎಂ ಸಂಖ್ಯೆಯನ್ನು 1.5ರಿಂದ ಗುಣಿಸಿ, ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ನಿಧಾನಕ್ಕೆ ಇಳಿಯಬಾರದೆಂಬುದು ಹಳೆಯ ಲೆಕ್ಕ: 55 ಎಂಎಂಗೆ 1/80, 300 ಎಂಎಂಗೆ 1/500. ಕ್ಯಾನನ್‌ನ ‘ಐಎಸ್’, ನಿಕಾನ್‌ನ ‘ವಿಆರ್’, ಟ್ಯಾಮ್ರಾನ್‌ನ ‘ವಿಸಿ’, ಸಿಗ್ಮಾದ ‘ಒಎಸ್’ ನಾಲ್ಕೂ ಒಂದೇ ಸಾಧನದ ಹೆಸರುಗಳು. ಇವು ಸಹಾಯಕ್ಕೆ ಬರುವುದು ಇಲ್ಲಿ ಮಾತ್ರ. ಕನ್ನಡದಲ್ಲಿ ‘ಅಲುಗುತಡೆ’ ಎಂದರೆ ಸಾಕು.

ಎರಡನೆಯದು ‘ಆಳು ಅಲುಗಿದ್ದಾನೆ’. ಹಿಂದಿನ ಪರದೆ ಚೊಕ್ಕವಾಗಿದೆ, ಕುಣಿಯುವವರ ಕೈ ಮಾತ್ರ ಎಳೆದುಕೊಂಡಿದೆ. ರಾತ್ರಿಯ ಯಕ್ಷಗಾನದ ಚಿತ್ರಗಳಲ್ಲಿ ಇದು ಸಾಮಾನ್ಯ. ಅಲುಗುತಡೆಯಾಗಲಿ ಟ್ರೈಪಾಡಾಗಲಿ ಏನೂ ಮಾಡಲಾರವು. ಅವು ಹಿಡಿದು ನಿಲ್ಲಿಸುವುದು ಕ್ಯಾಮೆರಾವನ್ನು, ಭಾಗವತಿಕೆಗೆ ಗಿರಕಿ ಹೊಡೆಯುವ ವೇಷವನ್ನಲ್ಲ. ಕಿಟ್ ಲೆನ್ಸಿನಲ್ಲಿ ಎಫ್/5.6, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಳತೆ) 1600 ಇಟ್ಟಾಗ 1/15 ಸೆಕೆಂಡ್ ಸಿಗುತ್ತಿದೆ ಎನ್ನಿ. ಐಎಸ್‌ಒ 6400ಕ್ಕೆ ಏರಿಸಿದರೆ 1/60, ಚಿತ್ರ ಕಾಳುಕಾಳಾಗುತ್ತದೆ. ಐಎಸ್‌ಒ ಮುಟ್ಟದೆ ಎಫ್/1.8 ಲೆನ್ಸ್ ಹಾಕಿದರೆ 1/150ರ ಹತ್ತಿರ. ಎರಡೂ ಸೇರಿದರೆ 1/500 ದಾಟಿ, ಗಿರಕಿಯೂ ನಿಲ್ಲುತ್ತದೆ. ಕರಡಿನ ‘ವೇಗದ ಮಸೂರ’ ಹೇಳಲು ಹೊರಟಿದ್ದು ಇದನ್ನೇ.

ಮೂರನೆಯದು ‘ಫೋಕಸ್ ತಪ್ಪಿದೆ’. ಇದರ ಗುರುತೆಂದರೆ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಚೊಕ್ಕವಾಗಿಯೇ ಇರುತ್ತದೆ: ಕಣ್ಣು ಹೋಗಿದೆ, ಕಿವಿಯ ಓಲೆ ಹರಳು ಹರಳಾಗಿ ಕಾಣುತ್ತಿದೆ. ದೊಡ್ಡ ಬೆಳಕಿಂಡಿಯ ಲೆನ್ಸ್ ಕೊಂಡವರಿಗೆ ಮೊದಲ ವಾರ ಎದುರಾಗುವುದು ಈ ದೋಷವೇ. ಎರಡು ಮೀಟರ್ ದೂರದಿಂದ 50 ಎಂಎಂ ಲೆನ್ಸನ್ನು ಎಫ್/1.8ರಲ್ಲಿ ಬಳಸಿದರೆ ಮುಂದೆ ಹಿಂದೆ ಸೇರಿ ಒಂದು ಗೇಣಿಗೂ ಕಡಿಮೆ, ಹನ್ನೊಂದು ಹನ್ನೆರಡು ಸೆಂಟಿಮೀಟರ್ ಮಾತ್ರ ಚೊಕ್ಕ; ಎಫ್/8ಕ್ಕೆ ಹೋದರೆ ಸುಮಾರು ಅರ್ಧ ಮೀಟರ್. ದುಡ್ಡು ಬೇಕಿಲ್ಲ, ಫೋಕಸ್ ಬಿಂದುಗಳನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡದೆ ಒಂದನ್ನೇ ಆರಿಸಿ ಕಣ್ಣಿನ ಮೇಲಿಟ್ಟರಾಯಿತು.

ಬೇಕೆಂದೇ ಹಿನ್ನೆಲೆ ಅಳಿಸುವುದಕ್ಕೂ ‘ಮಸುಕು’ ಬೇಡ, ‘ಹಿನ್ನೆಲೆ ಕರಗಿದೆ’ ಎನ್ನಿ. ಜಪಾನಿ ಮೂಲದ ‘ಬೊಕೆ’ಯನ್ನು ಕನ್ನಡದಲ್ಲಿ ಬರೆದರೆ ಸನ್ಮಾನಕ್ಕೆ ಕೊಡುವ ಹೂಗುಚ್ಛವಾಗಿಬಿಡುತ್ತದೆ. ಹಾಗಾದರೆ ‘ಮಸುಕು’ ಯಾವುದಕ್ಕೆ? ಲೆನ್ಸ್ ಮೇಲೆ ಬೆರಳ ಗುರುತು ಬಿದ್ದು ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಮಂಕಾಗುತ್ತದಲ್ಲ, ಅದಕ್ಕೆ.

ಒಂದನ್ನು ಬಿಟ್ಟಿದ್ದೆ. ಚಿತ್ರ ಚೊಕ್ಕವಿದ್ದು, ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಮಾತ್ರ ಮಸುಕು ಕಂಡರೆ ಕ್ಯಾಮೆರಾ ಕೆಟ್ಟಿಲ್ಲ. ಆ ಕಿಂಡಿಯ ಪಕ್ಕ ಕೂಡಿಸು–ಕಳೆ ಗುರುತಿನ ಪುಟ್ಟ ಚಕ್ರವಿರುತ್ತದೆ, ಕನ್ನಡಕದ ನಂಬರಿಗೆ ಹೊಂದಿಸಿಕೊಳ್ಳಲು. ಒಳಗಿನ ಅಂಕಿಗಳು ತಿಳಿಯಾಗಿ ಕಾಣುವವರೆಗೆ ತಿರುಗಿಸಿ.

ಮತ್ತೊಬ್ಬರಿಂದ: ‘ಕ್ರಾಪ್’ ಮತ್ತು ‘ಡಿಎಸ್‌ಎಲ್‌ಆರ್’

ಕನ್ನಡದಲ್ಲಿ ಕ್ರಾಪು ಎಂದರೆ ತಲೆಗೂದಲಿನದು, ಅದೂ ಜುಟ್ಟು ತೆಗೆಸಿದ ಕಾಲದಿಂದ. ‘ಕತ್ತರಿಸಿದ ಸಂವೇದಕ’ ಓದಿದರೆ ಯಾರೋ ಕತ್ತರಿ ಹಾಕಿದ ಹಾಗಿದೆ. ಸೆನ್ಸರನ್ನು ಯಾರೂ ಕತ್ತರಿಸಿಲ್ಲ, ಅದು ಹುಟ್ಟಿದ್ದೇ ಚಿಕ್ಕದಾಗಿ. ಫುಲ್ ಫ್ರೇಮ್ 36×24 ಎಂಎಂ, ಹಳೆಯ ರೀಲಿನ ಚೌಕದಷ್ಟು. ನಿಕಾನ್‌ನ ಡಿಎಕ್ಸ್ 23.5×15.6, ಕ್ಯಾನನ್‌ನ ಎಪಿಎಸ್-ಸಿ 22.3×14.9. ‘ಚಿಕ್ಕ ಸೆನ್ಸರ್’, ‘ಪೂರ್ತಿ ಸೆನ್ಸರ್’ ಸಾಕು. ‘ಚಿಕ್ಕ ಸೆನ್ಸರ್ ಹಾಕಿದರೆ 50 ಎಂಎಂ ಲೆನ್ಸ್ 75 ಆಗುತ್ತದೆ’ ಎಂಬ ವಾಕ್ಯ ಕರಡಿನಲ್ಲಿದ್ದರೆ ಹೊಡೆದುಹಾಕಿ. ಲೆನ್ಸ್ 50 ಆಗಿಯೇ ಇರುತ್ತದೆ. ಪೂರ್ತಿ ಸೆನ್ಸರಿನಲ್ಲಿ 75 ಎಂಎಂ ಹಾಕಿದಾಗ ಕಾಣುವಷ್ಟು ದೃಶ್ಯ ಇಲ್ಲಿ 50ಕ್ಕೇ ಕಾಣುತ್ತದೆ. 75 ಬಂದದ್ದು 50ನ್ನು 1.5ರಿಂದ ಗುಣಿಸಿ; ಕ್ಯಾನನ್‌ಗೆ 1.5ರ ಬದಲು 1.6.

ಚಿಕ್ಕ ಸೆನ್ಸರಿಗೆಂದೇ ಮಾಡಿದ ಕ್ಯಾನನ್ ಲೆನ್ಸುಗಳಿಗೆ ‘ಇಎಫ್-ಎಸ್’ ಎಂಬ ಹೆಸರು, ಕೂರಿಸುವ ಕಡೆ ಬಿಳಿ ಚೌಕದ ಗುರುತು. ‘ಇಎಫ್’ಗೆ ಕೆಂಪು ಚುಕ್ಕೆ. ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಎರಡೂ ಗುರುತಿರುವುದರಿಂದ ಎರಡೂ ಕೂರುತ್ತವೆ. ಪೂರ್ತಿ ಸೆನ್ಸರಿನದರಲ್ಲಿ ಕೆಂಪು ಮಾತ್ರ. ಮುಂದೆ ದೊಡ್ಡದಕ್ಕೆ ಹೋಗುವ ಯೋಚನೆಯಿದ್ದವರು ಬಣ್ಣ ನೋಡಿ ಕೊಳ್ಳಲಿ.

ಈಗ ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾಗಳೆಲ್ಲ ಜನರ ಬಾಯಲ್ಲಿ ‘ಡಿಎಸ್‌ಎಲ್‌ಆರ್’. ಮೊಬೈಲಿನಲ್ಲಿ ಹಿನ್ನೆಲೆ ಕರಗಿಸುವುದೂ ‘ಡಿಎಸ್‌ಎಲ್‌ಆರ್ ಮೋಡ್’. ಕೊನೆಯ ‘ಆರ್’ ರಿಫ್ಲೆಕ್ಸ್, ಅಂದರೆ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿ. ಕನ್ನಡಿ ಇಲ್ಲದ್ದು ಮಿರರ್‌ಲೆಸ್. ಈ ಭೇದ ಕೈಪಿಡಿಯ ಮೊದಲ ಪುಟದಲ್ಲೇ ಬರಬೇಕು, ಏಕೆಂದರೆ ಮಿರರ್‌ಲೆಸ್‌ಗೆ ಮಾಡಿದ ಕ್ಯಾನನ್ ಆರ್‌ಎಫ್, ನಿಕಾನ್ ಝಡ್ ಲೆನ್ಸುಗಳು ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. 1987ರಿಂದ ಬಂದ ಇಎಫ್ ಲೆನ್ಸುಗಳು ಅಡಾಪ್ಟರ್ ಮೂಲಕ ಹೊಸ ಕ್ಯಾಮೆರಾಗಳಿಗೆ ಹೊಂದುತ್ತವೆ, ತಿರುಗುಮುರುಗಾಗಿ ಅಲ್ಲ.

‘ಹಾಟ್ ಶೂ’ (ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ಕೂರಿಸುವ ಜಾಗ) ಎಲ್ಲಾದರೂ ‘ಬಿಸಿ ಬೂಟು’ ಆಗಿದ್ದರೆ ದಯವಿಟ್ಟು ತೆಗೆಯಿರಿ. ‘ಫ್ಲ್ಯಾಶ್ ತೋಡು’ ನಡೆಯುತ್ತದೆ. ಕ್ಯಾನನ್ 200ಡಿ ಮಾರ್ಕ್ 2ರ ತೋಡಿನಲ್ಲಿ ನಡುವಿನ ಲೋಹದ ಬಿಂದು ಇಲ್ಲ. ಬೇರೆ ಕಂಪನಿಯ ಅಗ್ಗದ ಫ್ಲ್ಯಾಶ್ ಆ ಬಿಂದುವನ್ನೇ ನಂಬಿರುತ್ತದೆ, ಕೂರುತ್ತದೆ ಆದರೆ ಹೊತ್ತುವುದಿಲ್ಲ.

ಕೊನೆಗೆ, ಹಳೆಯದು ಕೊಳ್ಳುವವರ ಮಾತುಗಳು

ಡಿ3500ರಂಥವು ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡಿನಲ್ಲೇ ಸಿಗುವುದರಿಂದ ಎರಡು ಪದ ಸೇರಿಸಿ. ‘ಶಟರ್ ಕೌಂಟ್’ ಎಂದರೆ ಶಟರ್ ಎಷ್ಟು ಸಲ ತೆರೆದು ಮುಚ್ಚಿದೆ ಎಂಬ ಎಣಿಕೆ. ಚಿತ್ರದ ಕಡತದ ಹೆಸರಿನಲ್ಲಿರುವ ನಂಬರ್ ತೋರಿಸಿ ‘ಎರಡೇ ಸಾವಿರ’ ಎಂದರೆ ಒಪ್ಪಬಾರದು. ಅದು 9999 ಆದಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ. ನಿಕಾನ್‌ನಲ್ಲಿ ನಿಜವಾದ ಎಣಿಕೆ ಕಡತದ ಒಳಮಾಹಿತಿಯಲ್ಲಿ ಅಡಗಿರುತ್ತದೆ, ಆಗತಾನೇ ತೆಗೆದ ಚಿತ್ರವೊಂದನ್ನು ಕೇಳಿ ಪಡೆದು ನೋಡಬೇಕು. ಡಿ3500ರ ಶಟರನ್ನು ಪರೀಕ್ಷಿಸಿರುವುದು ಒಂದು ಲಕ್ಷ ಸಲಕ್ಕೆ.

ಇನ್ನೊಂದು ‘ಫಂಗಸ್’. ಇದಕ್ಕೆ ‘ಶಿಲೀಂಧ್ರ’ ಎಂದು ಬರೆದರೆ ಯಾರಿಗೂ ದಿಗಿಲಾಗುವುದಿಲ್ಲ. ‘ಲೆನ್ಸಿಗೆ ಬೂಷ್ಟು ಹಿಡಿದಿದೆ’ ಎನ್ನಿ. ಕರಾವಳಿ, ಮಲೆನಾಡಿನವರಿಗೆ ‘ಬೂಸಲು’ ಎಂದೂ ಕೊಡಿ, ಮಳೆಗಾಲದಲ್ಲಿ ಇದರ ಕಾಟ ಹೆಚ್ಚು ಅವರಿಗೇ. ಲೆನ್ಸ್ ಬಿಚ್ಚಿ, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಧೂಳಾದರೆ ಬಿಡಿಬಿಡಿ ಚುಕ್ಕೆ, ಚಿತ್ರಕ್ಕೆ ತೊಂದರೆಯಿಲ್ಲ; ಎಳೆ ಕಂಡರೆ ಬಿಟ್ಟುಬಿಡಿ, ಅದು ಗಾಜಿನ ಲೇಪವನ್ನೇ ತಿನ್ನುತ್ತದೆ. ಚೊಕ್ಕ ಲೆನ್ಸ್ ಸಿಕ್ಕಿದ ಮೇಲೆ ಅದನ್ನು ಚರ್ಮದ ಚೀಲದಲ್ಲಿಡದೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ನೀಲಿ ಕಾಳು ಗುಲಾಬಿಗೆ ತಿರುಗಿತೆಂದರೆ ಅದರ ಹೊಟ್ಟೆ ತುಂಬಿತು, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.