ಮುಚ್ಚಿದ ಜೀನ್ಸ್ ವಾಷಿಂಗ್ ಘಟಕದ ಜಾಗದಲ್ಲಿ ಅಂಗನವಾಡಿ: ಮಣ್ಣಿನ ತಪಾಸಣೆ ಎಲ್ಲಿಂದ ಶುರು ಮಾಡಬೇಕು?

ಹಗರಿ_ದಂಡೆ

ಬಳ್ಳಾರಿ ನಗರದ ಅಂಚಿನಲ್ಲಿ 50 ಸೆಂಟ್ಸ್ ಜಾಗ. ಮೊದಲು ಜೀನ್ಸ್ ತೊಳೆದು ಬಣ್ಣ ಹಾಕುವ ಘಟಕ ಇತ್ತು, ಈಗ ಮುಚ್ಚಿದೆ. ಅರ್ಧದಲ್ಲಿ ಅಂಗನವಾಡಿ, ಉಳಿದರ್ಧದಲ್ಲಿ ಆಟದ ಬಯಲು, ಒಂದಿಷ್ಟು ಕೈತೋಟ ಮಾಡಬೇಕೆಂಬ ಪ್ರಸ್ತಾವ ವಾರ್ಡಿನಲ್ಲಿದೆ. ಮೇಲೆ ಎರೆ ಮಣ್ಣು, ಸುಮಾರು ಒಂದೂವರೆ ಮೀಟರ್ ಕೆಳಗೆ ಗರಸು. ಹಿಂಭಾಗದಲ್ಲಿ ನೀಲಿ ಕೆಸರಿನ ಗುಂಡಿ ಇದೆ, ಅದಕ್ಕೆ ಕಲ್ಲು-ಸಿಮೆಂಟಿನ ಕಟ್ಟಡ ಇಲ್ಲ. ಪಕ್ಕದಲ್ಲಿ ಬಾಯ್ಲರ್ ಬೂದಿಯ ಗುಡ್ಡೆ, ಆರೂವರೆ ಇಂಚಿನ ಬೋರ್‌ವೆಲ್, ಹಳೆಯ ಸಿಮೆಂಟ್ ಶೀಟಿನ ಶೆಡ್ಡು.

ಗುತ್ತಿಗೆದಾರರ ಸಲಹೆ ಹೀಗಿದೆ: ನಾಲ್ಕು ಮೂಲೆಯ ಮಣ್ಣು, ನಡುವಿನದೊಂದು, ಐದನ್ನೂ ಬೆರೆಸಿ ಒಂದೇ ಮಾದರಿ ಲ್ಯಾಬಿಗೆ ಕೊಡಿ. ಪಾಸಾದರೆ ಮೇಲೆ ಒಂದಡಿ ಗರಸು ಹಾಸಿ ಕಟ್ಟಡ ಶುರು. ಇಷ್ಟು ಸಾಕೇ?

ಗರಸು_ಗಟ್ಟಿ

ಸಾಲದು. ಐದು ಕಡೆಯ ಮಣ್ಣು ಬೆರೆಸುವುದು ಹೊಲಕ್ಕೆ ಎಷ್ಟು ಗೊಬ್ಬರ ಬೇಕೆಂದು ನೋಡುವ ಪದ್ಧತಿ. ಇಲ್ಲಿ ಅದು ವಿಷವನ್ನು ಮುಚ್ಚಿಡುತ್ತದೆ. ಒಂದು ಕಡೆ ಕೆಜಿಗೆ 600 ಮಿಲಿಗ್ರಾಂ ಸೀಸ, ಉಳಿದ ನಾಲ್ಕು ಕಡೆ 20 ಇದೆ ಅಂದುಕೊಳ್ಳಿ. ಬೆರಕೆಯಲ್ಲಿ ಬರುವುದು 136. ವಸತಿ ಜಾಗಕ್ಕೆ ಕೆನಡಾದ ಮಾರ್ಗಸೂಚಿ 140. ವರದಿ ಪಾಸು, ಮಗು ಆಡುವುದು 600ರ ಮೇಲೆ.

ಮೊದಲು ಬೇಕಿರುವುದು ಲ್ಯಾಬಲ್ಲ, ನಕ್ಷೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬಳ್ಳಾರಿಯಲ್ಲೇ ಪ್ರಾದೇಶಿಕ ಕಚೇರಿ ಇದೆ. 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಆ ಘಟಕದ ಸಮ್ಮತಿ ಪತ್ರ, ತಪಾಸಣೆ ವರದಿ, ನೋಟಿಸುಗಳ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ವರ್ಷವಾರು ತೆರೆಯಿರಿ. ಈಗ ಕಾಣುವ ಗುಂಡಿಗಿಂತ ಮೊದಲು ಇನ್ನೊಂದು ಗುಂಡಿ ಇದ್ದು ಮುಚ್ಚಿಹೋಗಿದ್ದರೆ ಅಲ್ಲೇ ಸಿಗುತ್ತದೆ. ಅಲ್ಲಿ ದುಡಿದವರನ್ನು ಕರೆದು ಜಾಗದಲ್ಲೇ ನಡೆಸಿ ಕೇಳಿ: ಡ್ರಮ್ಮು ಎಲ್ಲಿ ಇಡುತ್ತಿದ್ದರು, ಮಳೆ ಬಂದಾಗ ಗುಂಡಿ ತುಂಬಿ ಯಾವ ಕಡೆ ಹರಿಯುತ್ತಿತ್ತು, ಬಾಯ್ಲರಿಗೆ ಜಾಲಿ ಕಟ್ಟಿಗೆ ಮಾತ್ರವೋ, ಬಟ್ಟೆ ಚೂರು, ಟೈರೂ ಹಾಕುತ್ತಿದ್ದರೋ. ಈ ಕೊನೆಯ ಉತ್ತರದ ಮೇಲೆ ಬೂದಿಗೆ ಯಾವ ಪರೀಕ್ಷೆ ಎಂಬುದು ನಿಂತಿದೆ. ಬರೀ ಜಾಲಿಯಾದರೆ ಕ್ಷಾರ, ಲವಣ. ಟೈರು, ಪ್ಲಾಸ್ಟಿಕ್ ಸುಟ್ಟಿದ್ದರೆ ಸತು, ಸೀಸ, ಜೊತೆಗೆ ಪಿಎಎಚ್ ಎಂಬ ಕ್ಯಾನ್ಸರ್‌ಕಾರಕ ಗುಂಪನ್ನೂ ನೋಡಲೇಬೇಕು.

ಇನ್ನು ಗುಂಡಿ ತೋಡುವ ಲೆಕ್ಕ. 50 ಸೆಂಟ್ಸ್ ಎಂದರೆ ಸುಮಾರು 2,020 ಚದರ ಮೀಟರ್. ಅನುಮಾನದ ಜಾಗಗಳಿಗೆ ನೇರ ಗುರಿ: ಕೆಸರು ಗುಂಡಿಯ ಅಂಚಿನಲ್ಲಿ 3, ಚರಂಡಿಯ ಉದ್ದಕ್ಕೆ 2, ಬೂದಿ, ರಾಸಾಯನಿಕದ ಕೋಣೆ, ಜನರೇಟರ್ ಕೆಳಗೆ ಒಂದೊಂದು. ಉಳಿದ ಬಯಲಿಗೆ 15 ಮೀಟರ್ ಚೌಕ ಹಾಕಿದರೆ ಇನ್ನು 9. ಪ್ರತಿ ಕಡೆ 0–10 ಸೆಂ.ಮೀ., 30–45, 90–105, ಆಮೇಲೆ ಗರಸು ಸಿಕ್ಕಲ್ಲಿ ಒಂದು. ಒಂದೊಂದೂ ಬೇರೆ ಚೀಲ, ಬೇರೆ ಚೀಟಿ. ಎಲ್ಲವನ್ನೂ ಒಮ್ಮೆಗೇ ಪರೀಕ್ಷಿಸಬೇಕಿಲ್ಲ. ಮೇಲಿನ ಪದರ, ಗುಂಡಿಯ ಅಂಚು ಮೊದಲು. ಅಲ್ಲಿ ಸಿಕ್ಕರೆ ಕೆಳಗಿನದು.

ಎರೆ ಮಣ್ಣಿನಲ್ಲಿ ಜನ ಎಡವುವುದು ಒಂದು ಕಡೆ. ಅಂಟು ಮಣ್ಣು, ನೀರು ಇಳಿಯಲ್ಲ, ಹಾಗಾಗಿ ವಿಷ ಮೇಲೇ ಇರುತ್ತದೆ ಎನ್ನುತ್ತಾರೆ. ಮಳೆಗಾಲದಲ್ಲಿ ಮಾತ್ರ ಅದು ನಿಜ. ಏಪ್ರಿಲ್-ಮೇನಲ್ಲಿ ಬಿರುಕು ಬಿಟ್ಟ ನೆಲಕ್ಕೆ ಬಣ್ಣದ ನೀರು ಹರಿದರೆ ಬಿರುಕಿನಲ್ಲೇ ನೇರ ಗರಸಿಗೆ ಇಳಿದಿರುತ್ತದೆ. ಅಗೆದ ಗೋಡೆಯಲ್ಲಿ ನೀಲಿ ಅಥವಾ ಕಪ್ಪು ಗೆರೆ ಕಂಡರೆ ಆ ಗೆರೆಯ ಮಣ್ಣನ್ನೇ ಪ್ರತ್ಯೇಕ ತೆಗೆಯಿರಿ.

ಲ್ಯಾಬ್_ಚೀಟಿ

ಮೇಲಿನದಕ್ಕೆ ಪರೀಕ್ಷೆಯ ಕಡೆಯಿಂದ ಸೇರಿಸುತ್ತೇನೆ.

ಲ್ಯಾಬಿಗೆ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂಬುದು ಸಾಲದು. ಮಾನ್ಯತೆಯ ವ್ಯಾಪ್ತಿಯಲ್ಲಿ 'ಮಣ್ಣು' ಮತ್ತು ನಿಮಗೆ ಬೇಕಾದ ಲೋಹ ಎರಡೂ ಇವೆಯೇ ನೋಡಿ. ಬೇಕಾದವು: ಪಿಎಚ್, ಇಸಿ (ಲವಣ ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ), ಸೋಡಿಯಂ, ಕ್ಲೋರೈಡ್, ಸಲ್ಫೇಟ್, ಮ್ಯಾಂಗನೀಸ್, ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ತಾಮ್ರ, ಸತು, ಒಟ್ಟು ಕ್ರೋಮಿಯಂ; ಜನರೇಟರ್ ಜಾಗಕ್ಕೆ ಡೀಸೆಲ್ ಅಂಶ. ಜೀನ್ಸ್ ಘಟಕದಲ್ಲಿ ಲೋಹಕ್ಕಿಂತ ಲವಣ ಹೆಚ್ಚಿರುವ ಸಾಧ್ಯತೆಯೇ ಜಾಸ್ತಿ, ಆದರೆ ಮಗುವಿನ ವಿಷಯದಲ್ಲಿ ಸೀಸವನ್ನು ಊಹೆಗೆ ಬಿಡಬಾರದು. ಮಕ್ಕಳ ಕೈಗೆ ಅಂಟುವುದು ನುಣುಪು ಧೂಳು. ಆದ್ದರಿಂದ ಮೇಲ್ಪದರದ ಮಾದರಿಯನ್ನು 150 ಮೈಕ್ರಾನ್ ಜರಡಿಯಲ್ಲಿ ಸೋಸಿ ಸೀಸ ನೋಡಲು ಹೇಳಿ.

ಬಳ್ಳಾರಿಯಲ್ಲಿ ಬೇರೆ ಕಡೆಯ ಮಿತಿಗಳ ಪಟ್ಟಿ ಹಿಡಿದು ತೀರ್ಪು ಕೊಡುವುದು ಅಪಾಯ. ಪಕ್ಕದ ಸಂಡೂರಿನ ಬಂಡೆಯೇ ಕಬ್ಬಿಣ, ಮ್ಯಾಂಗನೀಸಿನದು. ಅದಿರಿನ ಧೂಳು ರಸ್ತೆಯುದ್ದಕ್ಕೂ ಇರುತ್ತದೆ. ಜೀನ್ಸ್ ಮಸುಕು ಮಾಡಲು ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸುವುದರಿಂದ ಮ್ಯಾಂಗನೀಸ್ ಘಟಕದಿಂದಲೂ ಬರುತ್ತದೆ. ಯಾವುದು ನೆಲದ್ದು, ಯಾವುದು ಘಟಕದ್ದು? ಅದಕ್ಕೇ ಇದೇ ಎರೆ ಮಣ್ಣಿನ, ಇಳಿಜಾರಿಗೆ ಮೇಲಿರುವ, ರಸ್ತೆಯಿಂದ ದೂರದ ಜಾಗದಲ್ಲಿ ಮೂರು ಹೋಲಿಕೆ ಮಾದರಿ ಬೇಕು. ಹಣ ಉಳಿಸಲೆಂದು ಮೊದಲು ಕೈಬಿಡುವುದು ಇದನ್ನೇ. ಇದಿಲ್ಲದೆ ಉಳಿದ ಅಂಕಿಗಳನ್ನು ಓದಲು ಬರುವುದಿಲ್ಲ.

ಒಟ್ಟು ಕ್ರೋಮಿಯಂ ಹೆಚ್ಚು ಬಂದರೆ ಗಾಬರಿ ಬೇಡ, ಅದರ ಹೆಚ್ಚು ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಎಷ್ಟೆಂದು ಬೇರೆಯಾಗಿ ಕೇಳಿ. ಅದಕ್ಕೆ ಮಣ್ಣನ್ನು ಒಣಗಿಸಬಾರದು, ಆಮ್ಲದಲ್ಲಿ ಕರಗಿಸಬಾರದು, ಕ್ಷಾರದಲ್ಲೇ ತೆಗೆಯಬೇಕು. ನಮ್ಮ ಎರೆ ಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಮೇಲೆ. ಸೀಸ, ಸತು ಇಂಥಲ್ಲಿ ಜೇಡಿಗೆ ಕಚ್ಚಿಕೊಂಡು ನಿಲ್ಲುತ್ತವೆ. ಹೆಕ್ಸಾವೇಲೆಂಟ್ ಕ್ರೋಮಿಯಂ, ಆರ್ಸೆನಿಕ್ ನಿಲ್ಲುವುದಿಲ್ಲ, ನೀರಿನ ಜೊತೆ ಹೋಗುತ್ತವೆ.

ಬೋರ್‌ವೆಲ್ಲಿನ ಮೊದಲ ಕೊಡ ತುಂಬಿ ಲ್ಯಾಬಿಗೆ ಕಳಿಸಬೇಡಿ, ಅದು ಕೇಸಿಂಗಿನೊಳಗೆ ಕೊಳೆತ ನೀರು. ಆರೂವರೆ ಇಂಚಿನ ಬೋರಿನಲ್ಲಿ ಮೀಟರಿಗೆ ಸುಮಾರು 21 ಲೀಟರ್ ನೀರು. 60 ಮೀಟರ್ ನೀರಿದ್ದರೆ 1,300 ಲೀಟರ್. ಅದರ ಮೂರು ಪಟ್ಟು ಹೊರಹಾಕಿ, ಪಿಎಚ್ ಮತ್ತು ಇಸಿ ಒಂದೇ ಸಮ ನಿಂತ ಮೇಲೆ ಹಿಡಿಯಿರಿ. ಲೋಹಕ್ಕೆ ಸೋಸಿ ನೈಟ್ರಿಕ್ ಆಮ್ಲ ಹಾಕಿದ ಬಾಟಲಿ, ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಆಮ್ಲ ಹಾಕದ ಬಾಟಲಿ, ಅದು ಐಸಿನಲ್ಲಿ, 24 ಗಂಟೆಯೊಳಗೆ. ಮೇ ತಿಂಗಳಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ ನೋಡಿ.

ಹಗರಿ_ದಂಡೆ

ಕೆಸರನ್ನು ಬಿಸಿಲಿಗೆ ಒಣಗಿಸಿ, ಸುಣ್ಣ ಹಾಕಿ ಅಲ್ಲೇ ಮುಚ್ಚಬಹುದೇ? ಜೆಸಿಬಿ ದುಬಾರಿ ಎಂದು ಇಬ್ಬರನ್ನು ಇಳಿಸಿ ತೆಗೆಸುವ ಮಾತೂ ಇದೆ.

ಗರಸು_ಗಟ್ಟಿ

ಯಾರನ್ನೂ ಇಳಿಸಬೇಡಿ. ಬಣ್ಣ ಹಾಕಲು ಬಳಸುವ ಹೈಡ್ರೋಸಲ್ಫೈಟ್ ಪುಡಿ, ಸಲ್ಫರ್ ಡೈ ಸೇರಿದ ಗುಂಡಿಯ ತಳದಲ್ಲಿ ಗಾಳಿಯಿಲ್ಲದೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟಿರುತ್ತದೆ. ಮೇಲಿನ ಹೆಪ್ಪು ಒಡೆದ ಕ್ಷಣ ಹೊರಬರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ಒಬ್ಬ ಬಿದ್ದರೆ ಎತ್ತಲು ಹೋದವನೂ ಉಳಿಯುವುದಿಲ್ಲ. ಜೆಸಿಬಿಯೇ ಬರಲಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಲಿ, ಗ್ಯಾಸ್ ಮೀಟರ್ ಇರಲಿ. ಕೆಸರಿಗೆ ಯಾವ ಆಮ್ಲವೂ ತಾಗಬಾರದು. ಬ್ಲೀಚಿಂಗ್ ಪುಡಿಗೂ ಅಷ್ಟೇ, ಆಮ್ಲ ಬಿದ್ದರೆ ಕ್ಲೋರಿನ್ ಏಳುತ್ತದೆ. ಕೋಣೆಯಲ್ಲಿ ಹಳೆಯ ಹೈಡ್ರೋಸಲ್ಫೈಟ್ ಡ್ರಮ್ಮು ಸಿಕ್ಕರೆ ನೀರು ತಾಗಿಸಬೇಡಿ, ತೇವಕ್ಕೆ ತಾನೇ ಕಾದು ಹೊತ್ತಿಕೊಳ್ಳುತ್ತದೆ.

ಅಲ್ಲೇ ಮುಚ್ಚುವಂತಿಲ್ಲ. ತ್ಯಾಜ್ಯ ನೀರಿನ ಸಂಸ್ಕರಣೆಯಿಂದ ಬಂದ ರಾಸಾಯನಿಕ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯ 35.3ರಲ್ಲಿದೆ. ಈ ಗುಂಡಿಯದು ಅದರಡಿ ಬರುತ್ತದೆಯೇ ಎಂದು ಮಂಡಳಿಯಿಂದ ಲಿಖಿತವಾಗಿ ಪಡೆಯಿರಿ. ಕೆಸರಿನಿಂದ ವಿಷ ಎಷ್ಟು ಸೋರುತ್ತದೆ ಎಂದು ನೋಡುವ ಟಿಸಿಎಲ್‌ಪಿ ಪರೀಕ್ಷೆಯೂ ಆಗಲಿ, ಸೀಸಕ್ಕೆ ಅಲ್ಲಿ ಮಿತಿ ಲೀಟರಿಗೆ 5 ಮಿಲಿಗ್ರಾಂ. ಅಪಾಯಕಾರಿ ಎಂದಾದರೆ ದಾಬಸ್‌ಪೇಟೆಯ ಭೂಭರ್ತಿ ಘಟಕದಂಥ ಅಧಿಕೃತ ಜಾಗಕ್ಕೇ ಹೋಗಬೇಕು, ಫಾರಂ 10ರ ಏಳು ಪ್ರತಿಯ ಮ್ಯಾನಿಫೆಸ್ಟ್ (ಸಾಗಣೆ ಚೀಟಿ) ಸಹಿತ. ಲಾರಿ ಹೋಗಿದ್ದಕ್ಕಲ್ಲ, ಅಲ್ಲಿ ಇಳಿಸಿಕೊಂಡಿದ್ದಕ್ಕೆ ಸಹಿಯಾದ ಪ್ರತಿ ವಾಪಸು ಬಂದ ಮೇಲೆ ಗುತ್ತಿಗೆದಾರರಿಗೆ ಬಿಲ್ ಕೊಡಿ. ಇಲ್ಲದಿದ್ದರೆ ಆ ಕೆಸರು ಇನ್ಯಾವುದೋ ಹಳ್ಳದಲ್ಲಿ ಬಿದ್ದಿರುತ್ತದೆ. ತೆಗೆದ ಗುಂಡಿಯ ತಳ ಮತ್ತು ನಾಲ್ಕೂ ಗೋಡೆಯ ಮಣ್ಣನ್ನು ಮತ್ತೆ ಪರೀಕ್ಷಿಸಿ ಆಮೇಲೆ ತುಂಬಿಸಿ.

ಈ ಖರ್ಚು ವಾರ್ಡಿನ ಮೇಲೆ ಬೀಳಬೇಕಿಲ್ಲ. ಕಲುಷಿತ ಜಾಗಗಳ ನಿರ್ವಹಣೆಗೆ ಕೇಂದ್ರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ 'ಶಂಕಿತ ಜಾಗ' ಎಂದು ಪಟ್ಟಿಗೆ ಸೇರಿಸಿದರೆ ಪ್ರಾಥಮಿಕ ಮೌಲ್ಯಮಾಪನಕ್ಕೆ 90 ದಿನದ ಗಡುವಿದೆ, ಶುದ್ಧೀಕರಣದ ವೆಚ್ಚ ಮಾಲಿನ್ಯ ಮಾಡಿದವರದು. ಜಿಲ್ಲಾಧಿಕಾರಿಗೆ ನಕ್ಷೆ, ಫೋಟೊ ಸಹಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಟ್ಟಿಗೆ ಸೇರುವ ಮೊದಲೇ ನೀವೇ ಅಗೆದು ಸಾಗಿಸಿದರೆ ಸಾಕ್ಷ್ಯವೂ ಹೋಗುತ್ತದೆ, ಹಣವೂ ಹೋಗುತ್ತದೆ.

ಪಾಯದ_ಕಲ್ಲು

ಕಟ್ಟಡದ ಬಗ್ಗೆ. ಡೈಯಿಂಗಿನ ಗ್ಲಾಬರ್ ಉಪ್ಪು (ಸೋಡಿಯಂ ಸಲ್ಫೇಟ್), ಹೈಡ್ರೋಸಲ್ಫೈಟ್ ಕೊನೆಗೆ ಸಲ್ಫೇಟ್ ಆಗಿ ಮಣ್ಣಿನಲ್ಲಿ ಉಳಿಯುತ್ತವೆ, ಅದು ಕಾಂಕ್ರೀಟನ್ನು ತಿನ್ನುತ್ತದೆ. ಪಾಯದ ಆಳದ ಮಣ್ಣಿನಲ್ಲಿ ಎಸ್‌ಒ3 (ಸಲ್ಫೇಟನ್ನು ಲೆಕ್ಕ ಹಾಕುವ ರೂಪ) ಶೇ 0.2 ದಾಟಿದರೆ ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ನಾಲ್ಕನೇ ಕೋಷ್ಟಕದಂತೆ ಸಿಮೆಂಟ್ ಬಗೆ, ಪ್ರಮಾಣ ಬದಲಿಸಬೇಕು. ಎರೆ ಮಣ್ಣು ಉಬ್ಬುತ್ತದೆಂದು ಪಾಯದಡಿ ಅದನ್ನು ಹೇಗೂ ತೆಗೆಯುತ್ತೀರಿ. ಆ ಮಣ್ಣನ್ನು ಆಟದ ಬಯಲಿಗೆ ಹರಡಬೇಡಿ.

ಒಂದಡಿ ಗರಸು ಎಂಬುದು ಹೆಚ್ಚು ದಿನ ಬಾಳದು. ಬೇಸಿಗೆಯಲ್ಲಿ ಕೆಳಗಿನ ಉಪ್ಪು ತೇವದ ಜೊತೆ ಮೇಲೇರಿ ಬಿಳಿ ಪೊರೆ ಕಟ್ಟುತ್ತದೆ, ಮಕ್ಕಳು ಕೋಲಿನಲ್ಲಿ ಕೆದಕುತ್ತಾರೆ, ಮಳೆ ಕೊಚ್ಚುತ್ತದೆ. ಉಳಿದ ಮಣ್ಣಿನಲ್ಲಿ ಅಲ್ಪಸ್ವಲ್ಪ ದೋಷ ಮಾತ್ರ ಇದ್ದರೆ ಹೀಗೆ ಮಾಡಿ: ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ), ಅದರ ಮೇಲೆ 40 ಮಿ.ಮೀ. ಜಲ್ಲಿ 15 ಸೆಂ.ಮೀ. ದಪ್ಪಕ್ಕೆ, ಮತ್ತೆ ಜಿಯೋಟೆಕ್ಸ್‌ಟೈಲ್, ಎದ್ದು ಕಾಣುವ ಕಿತ್ತಳೆ ಬಲೆ, ಆಮೇಲೆ 60 ಸೆಂ.ಮೀ. ಪರೀಕ್ಷಿಸಿದ ಮಸಾರಿ (ಕೆಂಪು) ಮಣ್ಣು, 20 ಸೆಂ.ಮೀ. ಪದರಗಳಲ್ಲಿ ದಮ್ಮಸು ಮಾಡಿ. ಮುಂದೆ ಯಾರಾದರೂ ಪೈಪಿಗೆ ಅಗೆದಾಗ ಕಿತ್ತಳೆ ಬಲೆ ಕಂಡರೆ ನಿಲ್ಲಿಸುತ್ತಾರೆ. ತುಂಬಲು ಅಗ್ಗಕ್ಕೆ ಸಿಗುವ ಸ್ಪಾಂಜ್ ಐರನ್ ಘಟಕದ ಡೊಲೊಚಾರ್ (ಕಲ್ಲಿದ್ದಲಿನ ಕಪ್ಪು ತ್ಯಾಜ್ಯ), ಗಣಿ ಡಂಪಿನ ಮಣ್ಣು ಎರಡೂ ಬೇಡ. ಒಂದು ಮಾಲಿನ್ಯ ತೆಗೆದು ಇನ್ನೊಂದನ್ನು ತಂದಂತೆ. ಕೈತೋಟ ನೆಲದಲ್ಲಲ್ಲ, ತಳ ಕಟ್ಟಿದ 60 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ.

ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆಂದೇ ತಿಳಿಯಿರಿ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಸುತ್ತಿಗೆ ಬೇಡ. ಬೋರ್‌ವೆಲ್ಲಿನ ಎರಡನೇ ವರದಿ ಬಂದ ಮೇಲೂ ನೀರು ಕೆಟ್ಟದ್ದಾದರೆ ಬರೀ ಮುಚ್ಚಳ ಹಾಕದೆ, ತಳದಿಂದ ಮೇಲಕ್ಕೆ ಪೈಪ್ ಇಳಿಸಿ ಸಿಮೆಂಟ್-ಬೆಂಟೊನೈಟ್ ಗ್ರೌಟ್ (ಉಬ್ಬುವ ಜೇಡಿ ಬೆರೆಸಿದ ಸಿಮೆಂಟ್ ಗಂಜಿ) ತುಂಬಿಸಿ. ಮೇಲಿಂದ ಸುರಿದರೆ ನಡುವೆ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ, ಕೊಳಚೆ ಅದೇ ದಾರಿಯಲ್ಲಿ ಪಕ್ಕದ ಬೋರುಗಳಿಗೆ ಇಳಿಯುತ್ತದೆ.