ಮನ್ಯಾಗ ಸ್ವಂತ ಬಿಟ್‌ಕಾಯಿನ್ ನೋಡ್ ಇಟ್ರ ನಮ್ಮಂಥವ್ರಿಗೆ ಏನು ಉಪಯೋಗ?

ಗುಮ್ಮಟದ ದನಿ (ವಿಜಯಪುರ):
ಹಳೇ ಲ್ಯಾಪ್‌ಟಾಪ್ ಒಂದು ಖಾಲಿ ಅದ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಮನಿಗೆ 40 ಎಂಬಿಪಿಎಸ್ ಫೈಬರ್. ಕಾಯಿನ್ ಸ್ವಲ್ಪ ಎಕ್ಸ್‌ಚೇಂಜ್‌ನಾಗ, ಸ್ವಲ್ಪ ಮೊಬೈಲ್ ವಾಲೆಟ್‌ನಾಗ. ಫುಲ್ ನೋಡ್ (ಬಿಟ್‌ಕಾಯಿನ್‌ನ ಎಲ್ಲಾ ವ್ಯವಹಾರ ಇಳಿಸ್ಕೊಂಡು ತಾನೇ ತಪಾಸಣಿ ಮಾಡೋ ತಂತ್ರಾಂಶ) ಹಾಕಿದ್ರ ಏನರ ಲಾಭ ಅದೇನ್ರಿ, ಇಲ್ಲಾ ಬರೀ ಕರೆಂಟ್ ಬಿಲ್ಲಾ? ಬ್ಯಾಸಿಗ್ಯಾಗ ಕರೆಂಟ್ ಹೇಳದ ಕೇಳದ ಹೋಗ್ತದ, ಅದನ್ನೂ ಲೆಕ್ಕಕ್ಕ ಹಿಡೀರಿ.

ಕುಂದಾದ ಊರಾಂವ (ಬೆಳಗಾವಿ):
ರೊಕ್ಕಕ್ಕಂತ ಹಾಕೂದಿದ್ರ ಇಲ್ಲಿಗೇ ಬಿಡ್ರಿ. ಗಳಿಕಿ ಮೈನರ್‌ಗೆ (ವ್ಯವಹಾರಗಳ ಕಟ್ಟು, ಅಂದ್ರ ಬ್ಲಾಕ್, ಕಟ್ಟಾಂವಗ), ನೋಡ್‌ಗೆ ನಯಾಪೈಸೆ ಇಲ್ಲ. ಎಕ್ಸ್‌ಚೇಂಜ್‌ನಾಗಿನ ಕಾಯಿನ್‌ಗೂ ನಿಮ್ಮ ನೋಡ್‌ಗೂ ಸಂಬಂಧಾನ ಇಲ್ಲ. ಕಾಯಿನ್ ಖರ್ಚು ಮಾಡೂ ಗುಪ್ತ ಕೀಲಿ ಎಕ್ಸ್‌ಚೇಂಜ್‌ದವರ ಕೈಯಾಗ ಐತಿ.

ಉಪಯೋಗ ಇರೂದು ವಾಲೆಟ್ ಕಡೆ. ಬ್ಯಾಲೆನ್ಸ್ ತೋರಸಾಕ ಮೊಬೈಲ್ ವಾಲೆಟ್ ಸಾಮಾನ್ಯವಾಗಿ ಯಾರದೋ ಸರ್ವರ್‌ನ ಕೇಳ್ತೈತಿ. ನಿಮ್ಮ ಬಿಟ್‌ಕಾಯಿನ್ ವಿಳಾಸಗಳೂ ಐಪಿ ಅಡ್ರೆಸ್ಸೂ ಕೂಡೇ ಅವನ ಕಣ್ಣಿಗೆ ಬೀಳ್ತಾವು. ಸ್ವಂತ ನೋಡ್ ಇದ್ರ ಆ ವಿಚಾರಣಿ ಮನಿ ಹೊಸ್ತಲಾ ದಾಟೂದಿಲ್ಲ. ಆದ್ರ ನೋಡ್ ಒಂದ್ಕಡೆ ಓಡ್ಕೋತ, ವಾಲೆಟ್ ಮೊದಲಿನ ಸರ್ವರ್‌ಗೇ ಜೋತುಬಿದ್ದಿದ್ರ ಎಲ್ಲಾ ದಂಡ. ಮಂದಿ ಎಡವೂದು ಇಲ್ಲೇ. ಸ್ಪ್ಯಾರೋದಂಥ ಡೆಸ್ಕ್‌ಟಾಪ್ ವಾಲೆಟ್ ಹಾಕಿ, ಸರ್ವರ್ ಸೆಟ್ಟಿಂಗ್‌ನಾಗ ಬಿಟ್‌ಕಾಯಿನ್ ಕೋರ್ (ನಿಮ್ಮ ನೋಡ್ ಓಡಸೂ ತಂತ್ರಾಂಶ) ಆರಿಸ್ರಿ.

ಘಟಪ್ರಭಾ ದಂಡಿ (ಬಾಗಲಕೋಟೆ):
ಪೂರ್ತಿ ಚೈನ್ (ಎಲ್ಲಾ ಬ್ಲಾಕ್‌ಗಳ ಸರಪಳಿ) ಈಗ ಸುಮಾರು 700 ಜಿಬಿ, ನಿಮ್ಮ ಡಿಸ್ಕ್‌ನಾಗ ಹಿಡ್ಸಂಗಿಲ್ಲ. ಪ್ರೂನ್ ಮಾಡ್ರಿ (ಹಳೇ ಬ್ಲಾಕ್ ಅಳಿಸೂದು). ಕನಿಷ್ಠ ಮಿತಿ 550 ಎಂಬಿ, ನೀವು 150 ಜಿಬಿ ಕೊಡ್ರಿ, ಹೆಚ್ಚುಕಮ್ಮಿ ಒಂದೂವರಿ ವರ್ಷದ ಬ್ಲಾಕ್ ಉಳೀತಾವು. ಅಳಿಸೂದು ಹಳೇ ಬ್ಲಾಕ್ ಅಷ್ಟ, ಇಳಿಸ್ಕೊಳ್ಳೂದು ಎಲ್ಲಾನೂ. 40 ಎಂಬಿಪಿಎಸ್‌ನಾಗ ಬರೀ ಇಳಿಯಾಕ 39 ತಾಸು, ಹಳೇ ಪ್ರೊಸೆಸರ್ ತಪಾಸಣಿಗೆ ಇನ್ನೂ ದಿನಗಟ್ಟಲೆ ತಗೊಂತೈತಿ. ಪ್ಲ್ಯಾನ್‌ನ ಎಫ್‌ಯುಪಿ (ಡೇಟಾ ಮಿತಿ) ಮೊದಲ ನೋಡ್ರಿ. ದಿನಕ್ಕ 2 ಜಿಬಿ ಮೊಬೈಲ್ ಡೇಟಾದಾಗ ಮಾಡ್ತೀನಂದ್ರ ಒಂದು ವರ್ಷ ಹಿಡೀತೈತಿ!

ಡೇಟಾಬೇಸ್ ಕ್ಯಾಶ್‌ಗೆ (ಕೋರ್ ಬಳಸೂ ರ‍್ಯಾಮ್) ಸಿಂಕ್ ಆಗೂತನಕ, ಅಂದ್ರ ಚೈನ್ ಪೂರ್ತಿ ಇಳಿದು ತಪಾಸಾಗೂತನಕ, 2000 ಎಂಬಿ ಕೊಡ್ರಿ, ಆಮ್ಯಾಲ ಮೊದಲಿನಂಗ ಇಡ್ರಿ. ಕರೆಂಟ್ ವಿಷಯಕ್ಕ ಲ್ಯಾಪ್‌ಟಾಪ್ ಚಲೋ, ಬ್ಯಾಟರೀನ ಯುಪಿಎಸ್. ರೌಟರ್ ಆರಿದ್ರ ಚಿಂತಿಲ್ಲ, ನೆಟ್ ಬಂದ ಮ್ಯಾಲ ಬಿಟ್ಟಲ್ಲಿಂದ ಹಿಡೀತೈತಿ. ಆದ್ರ ಬ್ಯಾಟರಿ ಸತ್ತಿದ್ರ ಹುಷಾರ್. ಬರಿಯೂ ಮುಂದ ಧಪ್ಪಂತ ಆಫ್ ಆಗಿ ಚೈನ್‌ಸ್ಟೇಟ್ (ಯಾವ ಕಾಯಿನ್ ಇನ್ನೂ ಖರ್ಚಾಗಿಲ್ಲ ಅನ್ನೂ ಪಟ್ಟಿ) ಕೆಟ್ರ ರೀಇಂಡೆಕ್ಸ್ (ಮೊದಲಿಂದ ಮತ್ತ ತಪಾಸಣಿ) ಕೇಳ್ತೈತಿ. ಪೂರ್ತಿ ಚೈನ್ ಇದ್ದಾಂವ ಡಿಸ್ಕ್‌ನಾಗಿಂದ ಓದ್ಕೊಂತಾನ. ಪ್ರೂನ್ ಮಾಡಿದಾಂವ ಮತ್ತ 700 ಜಿಬಿ ಇಳಿಸ್ಬೇಕು. ಕೋರ್ ಬಂದ್ ಮಾಡುವಾಗ ಬರೂ ಸಣ್ಣ ಕಿಟಕಿ ತಾನಾಗೇ ಹೋಗೂತನ ತಡೀರಿ. ಲ್ಯಾಪ್‌ಟಾಪ್ ಮುಚ್ಚಿದ್ರ ಮಲಗದಂಗ ಸ್ಲೀಪ್ ತಗೀರಿ, ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲಸ್ರಿ. ನಮ್ಮ ಬಿಸಲಾಗ ಸದಾ ಪ್ಲಗ್ಗಿನ್ಯಾಗ ಇದ್ರ ಬ್ಯಾಟರಿ ಉಬ್ಬತೈತಿ.

ಬಿಲ್ಲಿನ ಲೆಕ್ಕ: 15 ವ್ಯಾಟ್ ಹಿಡಿದ್ರ ತಿಂಗಳಿಗೆ 11 ಯೂನಿಟ್.

ಗುಮ್ಮಟದ ದನಿ:
ಮೊಬೈಲ್ ವಾಲೆಟ್ 2021ರದ್ದು. ಅದರ ಸೀಡ್ (ವಾಲೆಟ್ ಮರಳಿ ತರೋ ಗುಪ್ತ ಪದಗಳು) ಈ ನೋಡ್‌ಗೆ ಜೋಡಿಸಿದ ವಾಲೆಟ್‌ನಾಗ ಹಾಕಿದ್ರ?

ಘಟಪ್ರಭಾ ದಂಡಿ:
ಪೂರ್ತಿ ಹಿಂದಿನ ವ್ಯವಹಾರ ಸಿಗೂದಿಲ್ಲ, ಆ ವರ್ಷದ ಬ್ಲಾಕ್ ಅಳಿಸಿ ಹೋಗಿರ್ತಾವು. ಬ್ಯಾಲೆನ್ಸ್ ಅಷ್ಟ ಬೇಕಂದ್ರ ಕೋರ್‌ನ ಕನ್ಸೋಲ್‌ನಾಗ ಸ್ಕ್ಯಾನ್‌ಟಿಎಕ್ಸ್‌ಔಟ್‌ಸೆಟ್ (scantxoutset) ಅನ್ನೂ ಆದೇಶ ಓಡಸ್ರಿ, ಪ್ರೂನ್ ನೋಡ್‌ನಾಗೂ ನಡೀತೈತಿ. ಇದಕ್ಕಿಂತ ಸಿಂಕ್ ಮುಗದ ಮ್ಯಾಲ ಹೊಸ ವಾಲೆಟ್ ಮಾಡಿ, ಫೀ ಇಳಿದಾಗ ಎಲ್ಲಾ ಅದಕ್ಕ ಕಳಸೂದು ಸಲೀಸು. ಆದ್ರ ಹಳೇ ವಿಳಾಸಗಳನ್ನ ಆ ಸರ್ವರ್ ಆಗ್ಲೇ ನೋಡಿ ಬಿಟ್ಟೈತಿ, ಅದನ್ನ ಅಳಸಾಕ ಆಗೂದಿಲ್ಲ.

ಕುಂದಾದ ಊರಾಂವ:
ನೋಡ್ ತಾನೇ ತಪಾಸಣಿ ಮಾಡೂದು ಯಾಕ ಅಂದ್ರ, 2010ರ ಆಗಸ್ಟ್ 15ಕ್ಕ 74638ನೇ ಬ್ಲಾಕ್‌ನಾಗ ಒಂದು ದೋಷದಿಂದ 18,400 ಕೋಟಿಗೂ ಹೆಚ್ಚು ಕಾಯಿನ್ ಹುಟ್ಟಿದ್ವು. ತಾಸುಗಳೊಳಗ ತಿದ್ದಿದ ತಂತ್ರಾಂಶ ಬಂತು, ಅದನ್ನ ಹಾಕ್ಕೊಂಡ ನೋಡ್‌ಗಳು ಆ ಬ್ಲಾಕ್ ಒಪ್ಪಲಿಲ್ಲ. ಹಂಗಂತ ಯಾರೂ ರೊಕ್ಕ ಕಳಸದ ನೋಡ್‌ನಿಂದ ನೆಟ್‌ವರ್ಕ್‌ಗೆ ದೊಡ್ಡ ಬಲ ಬರ್ತೈತಿ ಅನ್ನೂದು ಜರಾ ಉಬ್ಬಿಸಿದ ಮಾತು. ನಿಮಗ ಬರೂ ರೊಕ್ಕ ನಿಮ್ಮ ನೋಡ್‌ನಾಗ ತಪಾಸಾದ್ರ ಅದಕ್ಕ ತೂಕ.

ವಾಲೆಟ್‌ನಾಗ ನಾಕೈದು ಸಾವಿರ ರೂಪಾಯಿದಷ್ಟ ಇದ್ರ ಈ ತಾಪತ್ರಯ ಬ್ಯಾಡ್ರಿ, ಸೀಡ್ ಜ್ವಾಕಿ ಇಡ್ರಿ ಸಾಕು.