ಮಹಿಳಾ ಇಂಜಿನಿಯರ್‌ಗಳ ಕ್ಲಬ್ ಸೇರ್ಲೋ ಬ್ಯಾಡೋ? ಮಾಡಿದವರು ಹೇಳ್ರಿ

ಕೇಳಿದ್ದು: ಎರಡನೇ ವರ್ಷ ಇಲೆಕ್ಟ್ರಿಕಲ್, ಬಳ್ಳಾರಿ

ಅಕ್ಕಾರೇ, ನಮ್ಮೂರು ಕಾರಟಗಿ ಹತ್ರ. ಹತ್ತನೇತ್ತ ತನಕ ಕನ್ನಡ ಮೀಡಿಯಂ. ಈಗ ಬಳ್ಳಾರಿಯೊಳಗ ಹಾಸ್ಟೆಲ್‌ನ್ಯಾಗ ಇದ್ದು ಓದಾಕತ್ತೀನಿ. ಕಾಲೇಜಿನ್ಯಾಗ ಐಟ್ರಿಪಲ್‌ಇ (ಇಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಇಂಜಿನಿಯರ್‌ಗಳ ಜಾಗತಿಕ ಸಂಘ) ಕಡೆಯ ಮಹಿಳಾ ಇಂಜಿನಿಯರ್‌ಗಳ ಕ್ಲಬ್ ಐತಿ. ಹೊಸ ಕಮಿಟಿಗೆ ಹೆಸರು ಕೊಡ್ರಿ ಅಂತ ಸೀನಿಯರ್ ಬಂದು ಹೇಳಿ ಹೋದ್ರು. ಅಪ್ಪಗ ಫೋನ್ ಮಾಡಿದ್ರ, ‘ಫೀಸ್ ಕಟ್ಟಿದ್ದು ಓದಾಕ, ಸಂಘ ಕಟ್ಟಾಕಲ್ಲ’ ಅಂದ. ನನಗ ಇಂಗ್ಲಿಷ್‌ನ್ಯಾಗ ನಾಕು ಮಂದಿ ಮುಂದ ಮಾತಾಡಂದ್ರ ನಾಲಿಗಿ ಒಣಗತೈತಿ. ಹಾಸ್ಟೆಲ್ ಗೇಟು ಆರೂವರಿಗೆ ಹಾಕ್ತಾರ. ಸೇರಿದ್ರ ಏನರ ಉಪಯೋಗ ಐತೇನ್ರಿ? ಸೇರಿದ್ರ ಯಾವ ಕೆಲಸ ತಗೋಬೇಕು? ಇದ್ದದ್ದು ಇದ್ದಂಗ ಹೇಳ್ರಿ.

ಉತ್ತರ: 2018ರಲ್ಲಿ ಪಾಸಾದವಳು, ವಿದ್ಯುತ್ ಸ್ಥಾವರದ ಮೇಂಟೆನೆನ್ಸ್, ರಾಯಚೂರು

ಸೇರು ತಂಗಿ. ಆದ್ರ ಅಧ್ಯಕ್ಷಿ, ಕಾರ್ಯದರ್ಶಿ ಅಂತ ಕುರ್ಚಿ ಹಿಂದ ಬೀಳಬ್ಯಾಡ. ವರ್ಕ್‌ಶಾಪ್ ಯಾರು ನಡಸ್ತಾರೋ ಅವರ ಕೂಡ ನಿಲ್ಲು.

ನಮ್ಮ ವರ್ಷ ಏನಾತು ಹೇಳ್ತೀನಿ. ಯಾರನ್ನರ ಬೆಂಗಳೂರಿನಿಂದ ಕರೆಸಿ ಭಾಷಣ ಮಾಡಿಸೋಣು ಅಂತ ಇತ್ತು. ರೊಕ್ಕ ಇರ್ಲಿಲ್ಲ. ನಮ್ಮ ಪೈಕಿ ಒಬ್ಬಾಕಿ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ, ಗುಜರಿಗೆ ಹಾಕಾಕ ಇಟ್ಟಿದ್ದ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಒಂದನ್ನ 300 ರೂಪಾಯಿಗೆ ತಂದಳು. ಹೊಲದಾಗ ಪಂಪ್‌ಸೆಟ್ಟಿಗೆ ಇರ್ತದಲ್ಲ, ಹಸಿರು ಗುಂಡಿ ಕೆಂಪು ಗುಂಡಿ ಡಬ್ಬಿ, ಅದೇ. ಶನಿವಾರ ಮಧ್ಯಾಹ್ನ ಲ್ಯಾಬಿನ್ಯಾಗ 14 ಮಂದಿ ಹುಡುಗೇರು ಅದರ ಸುತ್ತ ಕುಂತ್ವಿ. ಮುಚ್ಚಳ ತೆಗೆದ್ರ ಒಳಗ ಹಲ್ಲಿ ಸತ್ತು ಕಾಂಟ್ಯಾಕ್ಟರ್‌ಗೆ (ಕರೆಂಟು ಹಚ್ಚೂ, ತೆಗಿಯೂ ಸ್ವಿಚ್ಚು) ಅಂಟಿ ಕರಕಲಾಗಿತ್ತು. ಎರಡು ಮಂದಿ ಎದ್ದು ಹೊರಗ ಓಡಿದ್ರು. ಉಳಿದವರು ಅದನ್ನ ಕಿತ್ತು ತೆಗೆದು, ಕಪ್ಪು ಹಿಡಿದ ಕಾಂಟ್ಯಾಕ್ಟ್ ಉಜ್ಜಿ, ಟೈಮರ್ ಯಾವುದು, ಕರೆಂಟು ಜಾಸ್ತಿ ಆದ್ರ ಮೋಟಾರ್ ಬಂದ್ ಮಾಡೂ ಓವರ್‌ಲೋಡ್ ರಿಲೇ ಯಾವುದು ಅಂತ ಒಂದೊಂದೇ ವೈರ್ ಹಿಡಿದು ಹಾಳ್ಯಾಗ ಬರಕೊಂಡ್ವಿ.

ಸ್ಟಾರ್, ಡೆಲ್ಟಾ ಅಂದ್ರ ಮೋಟಾರಿನ ಸುರುಳಿ ಜೋಡಿಸೂ ಎರಡು ರೀತಿ. ಸ್ಟಾರ್‌ನ್ಯಾಗ ಹಚ್ಚಿದ್ರ ಲೈನ್ ಕರೆಂಟು ಡೆಲ್ಟಾದ ಮೂರರಾಗ ಒಂದು ಪಾಲು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಸಣ್ಣಾಕಿ ಇದ್ದಾಗಿಂದ ಹೊಲದಾಗ ಮೋಟಾರ್ ಚಾಲೂ ಆದ ಮ್ಯಾಲ ಸ್ವಲ್ಪ ತಡದು ‘ಟಕ್’ ಅನ್ನೂದು ಕೇಳಿದ್ದೆ. ಆ ಟಕ್ ಅಂದ್ರ ಸ್ಟಾರ್‌ನಿಂದ ಡೆಲ್ಟಾಕ್ಕ ಬದಲಾಗೂ ಸಪ್ಪಳ ಅಂತ ಗೊತ್ತಾಗಿದ್ದು ಅವತ್ತು. ಮೂರು ವರ್ಷ ಕ್ಲಾಸಿನ್ಯಾಗ ಕುಂತರೂ ಗೊತ್ತಾಗಿರ್ಲಿಲ್ಲ, ನಾಚಿಕಿ ಬಿಟ್ಟು ಹೇಳ್ತೀನಿ.

ಮುಂದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಮೋಟಾರ್ ಗುಂಯ್ ಅಂತಿತ್ತು, ತಿರುಗ್ತಿರ್ಲಿಲ್ಲ. ಮೇನ್ ಆಫ್ ಮಾಡಿಸಿ ಡಬ್ಬಿ ತೆಗೆದೆ. ಮೂರು ಫೇಸಿನ ಲೈನಿನ್ಯಾಗ ಒಂದು ಫೇಸಿನ ಫ್ಯೂಸ್ ಹೋಗಿತ್ತು. ಅಪ್ಪ ಏನೂ ಅನ್ಲಿಲ್ಲ, ಬ್ಯಾಟರಿ ಹಿಡದು ನಿಂತಿದ್ದ. ಕೆಲಸದ ಇಂಟರ್‌ವ್ಯೂನ್ಯಾಗ ಕೇಳಿದ್ದೂ ಅದನ್ನೇ: ಮೋಟಾರ್ ಗುಂಯ್ ಅಂತದ, ತಿರುಗೂದಿಲ್ಲ, ಮೊದಲು ಏನು ನೋಡ್ತಿ? ಅರ್ಧ ಕನ್ನಡ, ಅರ್ಧ ಇಂಗ್ಲಿಷ್‌ನ್ಯಾಗ ಹೇಳಿದೆ. ಇಂಗ್ಲಿಷಿಗೆ ಹೆದರಬ್ಯಾಡ. ವಿಷಯ ಕೈಯಾಗ ಇದ್ರ ಬಾಯಿ ತಾನ ಬರ್ತದ.

ಉತ್ತರ: ಕಂಪ್ಯೂಟರ್ ಸೈನ್ಸ್, ಕೊನೇ ವರ್ಷ, ಬಳ್ಳಾರಿ

ನಾನು ಒಂದು ವರ್ಷ ಇದ್ದು ಬಿಟ್ಟೆ. ಮಾರ್ಚ್ 8ಕ್ಕೆ ರಂಗೋಲಿ ಸ್ಪರ್ಧೆ, ಅತಿಥಿ ಬಂದ್ರೆ ಸೀರೆ ಉಟ್ಟು ಹೂಗುಚ್ಛ ಹಿಡಿದು ಬಾಗಿಲಲ್ಲಿ ನಿಲ್ಲೋದು, ಫೋಟೋ. ಮಹಿಳಾ ಇಂಜಿನಿಯರ್‌ಗಳ ಕಾರ್ಯಕ್ರಮದಲ್ಲೇ ಮೈಕ್ ಕೆಟ್ಟಾಗ ‘ಯಾರಾದ್ರೂ ಹುಡುಗರನ್ನ ಕರೀರಿ’ ಅಂತ ಸ್ಟೇಜ್ ಮೇಲಿಂದ್ಲೇ ಕೂಗಿದ್ರು. ಅವತ್ತೇ ನನಗೆ ಸಾಕಾಯ್ತು. ಮೊದಲು ಹೋದ ವರ್ಷ ಏನೇನು ಮಾಡಿದಾರೆ ಕೇಳು. ಬರೀ ಫೋಟೋ ತೋರಿಸಿದ್ರೆ ಆ ಟೈಮಲ್ಲಿ ಎಂ.ಟೆಕ್ ಸೇರೋಕೆ ಬರೆಯೋ ಗೇಟ್ (GATE) ಪರೀಕ್ಷೆಗೆ ಓದ್ಕೋ.

ಉತ್ತರ: ಹಳೇ ಖಜಾಂಚಿ, ಸಿವಿಲ್, ಕೊಪ್ಪಳ

ಮ್ಯಾಲಿನ ತಂಗಿ ಹೇಳಿದ್ದು ಸುಳ್ಳಲ್ಲ, ನಮ್ಮಲ್ಲೂ ಹಂಗ ಇತ್ತು. ಆದ್ರ ಯಾರೂ ಬ್ಯಾಡ ಅಂದ ಕೆಲಸ ನನಗ ಬಿತ್ತು, ಲೆಕ್ಕ. ಅದರಾಗ ಕಲಿತಷ್ಟು ಯಾವುದರಾಗೂ ಕಲೀಲಿಲ್ಲ. ಮೊದಲ ಸಲ ಬ್ಯಾನರ್ ಪ್ರಿಂಟ್ ಹಾಕಿಸಿ 1,800 ರೂಪಾಯಿದು ಕಚ್ಚಾ ಚೀಟಿ ತಂದೆ. ಜಿಎಸ್‌ಟಿ ನಂಬರ್ ಇಲ್ಲ, ಕಾಲೇಜಿನ ಹೆಸರಿಲ್ಲ ಅಂತ ಆಫೀಸಿನವರು ವಾಪಸ್ ಒಗೆದ್ರು. ಮೂರು ತಿಂಗಳು ಓಡ್ಯಾಡಿದೆ, ಬರ್ಲಿಲ್ಲ. ಹಾಸ್ಟೆಲ್ ಖರ್ಚಿನ ರೊಕ್ಕದಾಗ ಹೋತು. ಈಗ ಸೈಟ್‌ನ್ಯಾಗ ಮರಳು, ಸಿಮೆಂಟು ಬಿಲ್ ಪಾಸ್ ಮಾಡೂ ಕೆಲಸ ನಂದು. ಕಚ್ಚಾ ಚೀಟಿ ನೋಡಿದ್ರ ಇವತ್ತಿಗೂ ಹೊಟ್ಟಿ ಉರಿತೈತಿ.

ಹಾಸ್ಟೆಲ್ ಗೇಟಿನ ತಂಟೆಗೆ ಒಂದು ಉಪಾಯ: ಮೀಟಿಂಗ್ ಸಂಜಿಗೆ ಇಡಬ್ಯಾಡ್ರಿ, ಮಧ್ಯಾಹ್ನ ಊಟದ ಹೊತ್ತಿಗೆ ಇಡ್ರಿ. ಊರಿಂದ ದಿನಾ ಬಸ್ಸಿಗೆ ಓಡ್ಯಾಡೂ ಹುಡುಗೇರೂ ಬರ್ತಾರ. 2023ರಿಂದ ಸರ್ಕಾರಿ ಬಸ್ಸು ಫ್ರೀ ಆದ ಮ್ಯಾಲ ಅಂಥವರು ಭಾಳ ಆಗ್ಯಾರ, ಅವರನ್ನ ಯಾವ ಕ್ಲಬ್ಬಿನವರೂ ಲೆಕ್ಕಕ್ಕ ಹಿಡಿಯಂಗಿಲ್ಲ. ತಡ ಆಗೂ ಕಾರ್ಯಕ್ರಮ ಇದ್ರ ಮೇಡಂ ಸಹಿ ಮಾಡಿದ ಪತ್ರ ಎರಡು ದಿನ ಮೊದಲ ವಾರ್ಡನ್‌ಗೆ ಮುಟ್ಟಿಸ್ರಿ. ಬಾಯಿಮಾತು ನಡೆಯಂಗಿಲ್ಲ.

ಉತ್ತರ: ಉಪನ್ಯಾಸಕಿ, ಇಂಥದ್ದೇ ಕ್ಲಬ್ಬಿನ ಸಂಯೋಜಕಿ

ಕೆಲವು ವ್ಯಾವಹಾರಿಕ ಸಂಗತಿಗಳು. ಐಟ್ರಿಪಲ್‌ಇ ವಿದ್ಯಾರ್ಥಿ ಸದಸ್ಯತ್ವಕ್ಕೆ ಶುಲ್ಕವಿದೆ. ಅದಾದ ಮೇಲೆ ಮಹಿಳಾ ವಿಭಾಗಕ್ಕೆ ಸೇರಲು ವಿದ್ಯಾರ್ಥಿಗಳು ಬೇರೆ ದುಡ್ಡು ಕೊಡಬೇಕಿಲ್ಲ, ಯಾರಾದರೂ ಕೇಳಿದರೆ ಯಾವುದಕ್ಕೆ ಎಂದು ವಿಚಾರಿಸಿ. ಸದಸ್ಯತ್ವ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ನಮ್ಮ ಕಾಲೇಜು ವರ್ಷಕ್ಕೂ ಅದಕ್ಕೂ ತಾಳೆಯಾಗದೆ ಪ್ರತಿ ಜನವರಿಯಲ್ಲಿ ಅರ್ಧ ಕಮಿಟಿ ಸದಸ್ಯರೇ ಅಲ್ಲದವರಾಗಿರುತ್ತಾರೆ. ಹುಡುಗರೂ ಸೇರಬಹುದು, ನಿಯಮದಲ್ಲಿ ಅಡ್ಡಿಯಿಲ್ಲ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪದವಿಗೆ ಬೇಕಾದ 100 ಆ್ಯಕ್ಟಿವಿಟಿ ಪಾಯಿಂಟ್ (ಡಿಪ್ಲೊಮಾದಿಂದ ಬಂದವರಿಗೆ 75) ಕ್ಲಬ್ ಸೇರಿದ ಮಾತ್ರಕ್ಕೆ ಬರುವುದಿಲ್ಲ. ಊರಿಗೆ ಹೋಗಿ ಜನರಿಗೆ ಉಪಯೋಗವಾಗುವ ಕೆಲಸ ಮಾಡಿದರೆ ಅದಕ್ಕೆ ಪಾಯಿಂಟ್ ಸಿಗುತ್ತದೆಯೇ ಎಂದು ನಿಮ್ಮ ಮೆಂಟರ್ (ಮಾರ್ಗದರ್ಶಕ ಉಪನ್ಯಾಸಕರು) ಜೊತೆ ಮಾತಾಡಿ. ಸ್ಟಾರ್ಟರ್ ಕಥೆಯನ್ನು ಹಾಗೆಯೇ ಒಂದು ಹಳ್ಳಿಗೆ ಒಯ್ದರೆ ಯಾರು ಬೇಡ ಎನ್ನುತ್ತಾರೆ?

ಇನ್ನೊಂದು. ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಪ್ರಗತಿ ವಿದ್ಯಾರ್ಥಿವೇತನ ಹುಡುಗಿಯರಿಗೆಂದೇ ಇರುವುದು, ವರ್ಷಕ್ಕೆ 50,000 ರೂಪಾಯಿ, ಮನೆಯ ಆದಾಯ 8 ಲಕ್ಷದೊಳಗಿರಬೇಕು. ಅರ್ಜಿ ಹಾಕುವುದು ಮೊದಲ ವರ್ಷದಲ್ಲಿ, ಲ್ಯಾಟರಲ್ (ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು) ಆದರೆ ಎರಡನೇ ವರ್ಷದಲ್ಲಿ. ಪ್ರತಿ ವರ್ಷ ‘ಮೇಡಂ, ಗೊತ್ತೇ ಇರಲಿಲ್ಲ’ ಎಂದು ಮೂರನೇ ವರ್ಷದವರು ಬಂದು ನಿಲ್ಲುತ್ತಾರೆ. ನಿಮ್ಮ ಕ್ಲಬ್ ಬೇರೇನೂ ಮಾಡದೆ, ಹೊಸ ಹುಡುಗಿಯರನ್ನು ಕೂರಿಸಿಕೊಂಡು ಈ ಅರ್ಜಿ ತುಂಬಿಸಿದರೂ ನಾನು ಒಪ್ಪುತ್ತೇನೆ.

ಉತ್ತರ: ಗಣಿ ಕಂಪನಿಯ ಇಂಜಿನಿಯರ್, ಸಂಡೂರು ಕಡೆ

ನಮ್ಮ ಕ್ಲಬ್ಬಿನಿಂದ ಒಂದು ಉಕ್ಕಿನ ಕಾರ್ಖಾನೆ ನೋಡಾಕ ಹೋಗಿದ್ವಿ. ಗೇಟಲ್ಲಿ ಸೇಫ್ಟಿ ಶೂ ಕೊಟ್ರು, ಎಲ್ಲಕ್ಕಿಂತ ಸಣ್ಣದು 7ನೇ ನಂಬರ್. ನನ್ನ ಕಾಲು 4. ಎರಡು ಜೊತೆ ಸಾಕ್ಸ್ ಹಾಕ್ಕೊಂಡು, ಬಾತುಕೋಳಿ ತರ ನಡ್ಕೊಂಡು ಇಡೀ ಪ್ಲಾಂಟ್ ನೋಡಿದ್ವಿ. ದೇಶದ ಮೊದಲ ಮಹಿಳಾ ಇಂಜಿನಿಯರ್‌ಗಳಲ್ಲಿ ಒಬ್ಬರಾದ ಎ. ಲಲಿತಾ ಅವರು 1943ರಲ್ಲಿ ಮದ್ರಾಸಿನ ಗಿಂಡಿಯಲ್ಲಿ ಇಲೆಕ್ಟ್ರಿಕಲ್ ಪದವಿ ತಗೊಂಡಾಗ ಸರ್ಟಿಫಿಕೇಟಲ್ಲಿ ಅಚ್ಚಾಗಿದ್ದ ‘ಹಿ’ ಹೊಡೆದು ‘ಶಿ’ ಅಂತ ಬರೆದು ಕೊಟ್ರಂತೆ. 80 ವರ್ಷ ಆಯ್ತು, ಶೂ ಇನ್ನೂ ‘ಹಿ’ ಅಳತೆಯಲ್ಲೇ ಐತೆ. ವಾಪಸ್ ಬಂದು ನಾವು ಆರು ಮಂದಿ ಸಹಿ ಹಾಕಿ ಪತ್ರ ಬರೆದ್ವಿ. ಮುಂದಿನ ಬ್ಯಾಚ್ ಹೋದಾಗ 4, 5 ನಂಬರ್ ಇಟ್ಟಿದ್ರು. ಒಬ್ಬಳೇ ಬರೆದಿದ್ರೆ ಓದ್ತಿದ್ರೋ ಇಲ್ವೋ.

ಗಣಿಯಲ್ಲಿ ಹೆಂಗಸರು ರಾತ್ರಿ ಪಾಳಿ ಮಾಡೋಂಗಿರಲಿಲ್ಲ, 1952ರ ಗಣಿ ಕಾಯ್ದೆ ಬಿಡ್ತಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ವಿನಾಯ್ತಿ ಕೊಟ್ಟಿತು. ನಮ್ಮ ಕಡೆಯಂಥ ತೆರೆದ ಗಣಿಯಲ್ಲಿ ಸಂಜೆ 7ರಿಂದ ಬೆಳಿಗ್ಗೆ 6ರ ತನಕ ಹಾಕಬಹುದು ಅಂತ ಆಯ್ತು, ಆದ್ರೆ ಆಕೆ ಬರವಣಿಗೆಯಲ್ಲಿ ಒಪ್ಪಬೇಕು, ಒಂದು ಪಾಳಿಗೆ ಮೂರಕ್ಕಿಂತ ಕಡಿಮೆ ಹೆಂಗಸರನ್ನ ಹಾಕೋಂಗಿಲ್ಲ ಅಂತ ಆಗ ಷರತ್ತು ಇತ್ತು. ಅಂದ್ರೆ ನಾನು ಎಷ್ಟೇ ಗಟ್ಟಿ ಇದ್ರೂ ಇನ್ನಿಬ್ಬರು ಸಿಗದಿದ್ರೆ ನನಗೆ ಆ ಪಾಳಿ ಇರಲಿಲ್ಲ. ನನ್ನ ಇನ್ನಿಬ್ಬರು ಸಿಕ್ಕಿದ್ದು ಕ್ಲಬ್ಬಿನ ಹಳೇ ವಾಟ್ಸಾಪ್ ಗುಂಪಲ್ಲಿ. ಅವರಿಗೆ ಈ ಕೆಲಸ ಇದೆ ಅಂತಲೇ ಗೊತ್ತಿರಲಿಲ್ಲ.

ಕೇಳಿದಾಕಿ ಮತ್ತ ಬರದದ್ದು

ಎಲ್ಲಾರಿಗೂ ಥ್ಯಾಂಕ್ಸ್ ಅಕ್ಕಾರೇ, ಮೇಡಂ. ನಿನ್ನೆ ಮೀಟಿಂಗಿಗೆ ಹೋಗಿದ್ದೆ. ಹೋದ ವರ್ಷ ಏನು ಮಾಡಿದ್ರಿ ಅಂತ ಕೇಳಿದೆ, ಮೊದಲು ಫೋಟೋನ ತೋರಿಸಿದ್ರು. ನಾನು ಸ್ಟಾರ್ಟರ್ ವಿಷಯ ಹೇಳಿದೆ, ಕನ್ನಡದಾಗ. ‘ನೀನ ತಗೊಂಡು ಬಾ, ನೀನ ನಡಸು’ ಅಂದ್ರು. ಅಪ್ಪಗ ಇನ್ನೂ ಕ್ಲಬ್ ಅಂತ ಹೇಳಿಲ್ಲ. ಹಳೇ ಸ್ಟಾರ್ಟರ್ ಇದ್ರ ಕೊಡಪ್ಪಾ, ಲ್ಯಾಬಿಗೆ ಬೇಕು ಅಂದೀನಿ. ಅಟ್ಟದ ಮ್ಯಾಲ ಒಂದು ಐತಿ, ಭಾನುವಾರ ಬಂದು ಒಯ್ಯಿ ಅಂದಾನ. ರಾಯಚೂರಿನ ಅಕ್ಕಾರೇ, ಕಾಂಟ್ಯಾಕ್ಟ್ ಉಜ್ಜಾಕ ಯಾವ ನಂಬರ್ ಸ್ಯಾಂಡ್‌ಪೇಪರ್ ತರಬೇಕ್ರಿ?